ಕುದುರೆ ಪತ್ರಗಳನ್ನು ಓದಿದ ದುಭಾಷಿ

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಾನು ವಾರಕ್ಕೆ ಎರಡು ಸಲ ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಸದಾಶಿವನಗರದ ನಮ್ಮ ಮನೆಯಲ್ಲಿ ಅವ್ವ ಇದನ್ನು ‘ಕುದುರಿ ಅಭ್ಯಾಸ’ ಎಂದು ಕರೆಯುತ್ತಿದ್ದಳು. ವಿಜಯನಗರಕ್ಕೂ ಪೋರ್ಚುಗಲ್ಲಿಗೂ ರಾಯಭಾರದ ಸಂಬಂಧ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎಂಬುದು ನನ್ನ ಎಂ.ಫಿಲ್. ಪ್ರಬಂಧದ ವಿಷಯ. ಆ ಸಂಬಂಧದ ಬುಡದಲ್ಲಿ ಇದ್ದದ್ದು ಕುದುರೆಯೇ. ರಾಯರ ಸೈನ್ಯಕ್ಕೆ ಬೇಕಾದ ಅರಬ್ಬಿ ಕುದುರೆಗಳು ಸಮುದ್ರದ ಮೇಲೆ ಬರುತ್ತಿದ್ದವು. ಸಮುದ್ರ ಪರಂಗಿಗಳ, ಎಂದರೆ ಪೋರ್ಚುಗೀಸರ, ಕೈಯಲ್ಲಿತ್ತು. ಪರಂಗಿಗಳಿಗೆ ಕರಾವಳಿಯಲ್ಲಿ ಕೋಟೆ ಕಟ್ಟಲು ಜಾಗ ಬೇಕಿತ್ತು. ಮೊದಲು ಒಬ್ಬ ಪಾದ್ರಿ ರಾಯಭಾರಿಯಾಗಿ ಘಟ್ಟ ಹತ್ತಿ ಹೋದ. ಆಮೇಲೆ ರಾಯರ ಕಡೆಯವರು ಗೋವೆಗೆ ಇಳಿದರು. ಉಡುಗೊರೆ, ಕಾಯುವುದು, ಮತ್ತೆ ಉಡುಗೊರೆ. ಎಷ್ಟೋ ವರ್ಷಗಳ ಮೇಲೆ, ಕುದುರೆಗಳನ್ನು ವಿಜಯನಗರಕ್ಕೆ ಮಾತ್ರ ಮಾರುವ ಒಪ್ಪಂದ.

ಪಣಜಿಯ ಗ್ರಂಥಾಲಯದಲ್ಲಿ ಕುಳಿತು, ಅಚ್ಚಾದ ಹಳೆಯ ಪತ್ರಗಳನ್ನು ಅರ್ಥ ತಿಳಿಯದೆ ಅಕ್ಷರಕ್ಕೆ ಅಕ್ಷರ ನಕಲು ಮಾಡಿಕೊಂಡು ಬಂದಿದ್ದೆ. ನನಗೆ ಪೋರ್ಚುಗೀಸ್ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಖಾನಾಪುರದ ಸ್ಟೇಷನ್ನಿನ ಹತ್ತಿರ ಮಗಳ ಮನೆಯಲ್ಲಿದ್ದ ಒಬ್ಬ ಮುದುಕರಿಗೆ. ಕಣಕುಂಬಿಯ ಕಡೆಯ ದನಗಾರರ ಮನೆತನ. ಗೋವೆ ಇನ್ನೂ ಪರಂಗಿಗಳದಾಗಿದ್ದಾಗ ಗಡಿಯ ಸುಂಕದ ಚೌಕಿಯಲ್ಲಿ ಅವರು ಇಪ್ಪತ್ತು ವರ್ಷ ದುಭಾಷಿಯಾಗಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು, ಚೇಷ್ಟೆಯ ಮನಸ್ಸು ಬಂದಾಗ ‘ಪ್ರೊಫೆಸರಬಾಯಾರ’.

ನಾಲ್ಕು ತಿಂಗಳು ಅವರು ಹೇಳಿದರು, ನಾನು ಬರೆದುಕೊಂಡೆ. ಆ ಪತ್ರಗಳಲ್ಲಿ ಪರಂಗಿ ಅಧಿಕಾರಿಗಳು ಎಷ್ಟು ಗೌರವಸ್ಥರು, ರಾಯರ ಬಗ್ಗೆ ಎಷ್ಟು ವಿನಯ! ದೂರದ ಎರಡು ರಾಜ್ಯಗಳ ಸಂಬಂಧ ಪರಸ್ಪರ ಆದರದಿಂದ ಬೆಳೆಯಿತು ಎಂಬುದೇ ನನ್ನ ಮೂರನೆಯ ಅಧ್ಯಾಯದ ವಾದವಾಯಿತು. ಮಾರ್ಗದರ್ಶಕರು ಮೆಚ್ಚಿದರು. ಬರುವ ಶನಿವಾರ ಪ್ರಬಂಧ ಒಪ್ಪಿಸುವ ಕೊನೆಯ ದಿನ. ತಪ್ಪಿದರೆ ಒಂದು ವರ್ಷ ಹೋದಂತೆ, ಜೂನಿನಲ್ಲಿ ಕಾಲೇಜೊಂದರಲ್ಲಿ ತೆರವಾಗಲಿದ್ದ ಅಧ್ಯಾಪಕಿಯ ಜಾಗವೂ ಹೋದಂತೆ.

ಮಂಗಳವಾರ ಕಾಕಾರಿಗೆ ಪ್ರಬಂಧದ ಕೃತಜ್ಞತೆಯ ಪುಟ ತೋರಿಸಲು ಹೋದೆ. ಜಗಲಿಯ ಮುಂದೆ ಜಗಳ ನಡೆದಿತ್ತು. ಪಾರಿಶ್ವಾಡದ ರೈತನೊಬ್ಬ ಎತ್ತು ಹಿಡಿದುಕೊಂಡು ನಿಂತಿದ್ದ. ಕೊಳ್ಳಲು ಬಂದವನು ಗೋವೆಯವನು, ಕೊಂಕಣಿ ಬಿಟ್ಟು ಬೇರೆ ಆಡುತ್ತಿರಲಿಲ್ಲ. ನಡುವೆ ಕುರ್ಚಿ ಹಾಕಿಕೊಂಡು ಕಾಕಾ. ಹಾಸ್ಟೆಲಿನಲ್ಲಿ ಎರಡು ವರ್ಷ ಕಾರವಾರದ ಗೆಳತಿಯ ಜೊತೆ ಇದ್ದುದರಿಂದ ನನಗೆ ಕೊಂಕಣಿ ತಿಳಿಯುತ್ತಿತ್ತು. ಕಾಕಾರಿಗೆ ಅದು ಗೊತ್ತಿರಲಿಲ್ಲ.

ಎತ್ತು ಕುಂಟು, ಇವನು ಶುದ್ಧ ಕಳ್ಳ, ಇವನ ಅಪ್ಪನೂ ಕಳ್ಳನೇ ಇರಬೇಕು ಎಂದ ಗೋವೆಯವನು.

ಕಾಕಾ ರೈತನ ಕಡೆ ತಿರುಗಿದರು. “ಸಾವಕಾರ್ರು ಎತ್ತು ಭಾಳ ಚಲೋ ಅದ ಅಂತಾರಪಾ. ಹಿಂದಿನ ಕಾಲು ಒಂದೀಟು ನೋಡೂಣು, ಇನ್ನೊಮ್ಮೆ ನಡಸು ಅಂತಾರ.”

“ಇನ್ನೊಮ್ಮಿ? ಮುಂಜಾನಿಂದ ನಡಸಾಕತ್ತೀನಿ, ಎತ್ತಿಂದಲ್ಲ, ನನ್ನ ಕಾಲು ಕುಂಟ ಆಗ್ಯಾವ! ಅವಗ ಕಣ್ಣು ಹಣ್ಯಾಗ ಅದಾವೋ ಬೆನ್ನಾಗ ಅದಾವೋ ಕೇಳ್ರಿ.”

ನಿಮ್ಮಂಥ ಪಾರಖಿ, ದನದ ಗುಣ ಬಲ್ಲವರು, ಇವನಿಗೆ ಇದುವರೆಗೆ ಸಿಕ್ಕಿಲ್ಲವಂತೆ ಎಂದು ಕಾಕಾ ಕೊಂಕಣಿಯಲ್ಲಿ ಹೇಳಿದರು. ಗೋವೆಯವನ ಮುಖ ಸಡಿಲಾಯಿತು. ಎತ್ತು ಮತ್ತೊಮ್ಮೆ ನಡೆಯಿತು. ಅರ್ಧ ತಾಸಿನಲ್ಲಿ ವ್ಯಾಪಾರ ಮುಗಿದು ಇಬ್ಬರೂ ಒಬ್ಬರ ಸುಣ್ಣದ ಡಬ್ಬಿಯಿಂದ ಇನ್ನೊಬ್ಬರು ಸುಣ್ಣ ತೆಗೆದು ಎಲೆಗೆ ಹಚ್ಚಿಕೊಂಡು ಹೋದರು.

ಸುತ್ತಲಿನವರು ನಗುತ್ತಿದ್ದರು. ನನಗೆ ಮಾತ್ರ ಚೀಲದಲ್ಲಿದ್ದ ಮೂರನೆಯ ಅಧ್ಯಾಯದ ಒಂದೊಂದೇ ವಾಕ್ಯ ನೆನಪಿಗೆ ಬರತೊಡಗಿತು.

“ಕಾಕಾ, ಅಂವ ಕಳ್ಳ ಅಂದ್ನಲ್ಲ.”

ಅವರು ಹುಬ್ಬೇರಿಸಿದರು. “ಓಹೋ, ಕೊಂಕಣಿ ಬರ್ತೈತೇನು! ಕದ್ದು ಕೇಳಾಕ ಕುಂತಾರ ನೋಡು ಪ್ರೊಫೆಸರಬಾಯಾರು. ಅಂದ. ಆದ್ರ ಅವಗ ಬೇಕಾದದ್ದೇನು? ಎತ್ತಿನ ಕಾಲು ನೋಡೂದು. ನಾ ಅದನ್ನ ಹೇಳೇನಿ. ಚೌಕ್ಯಾಗ ಅಂದದ್ದ ಅಂದಂಗ ಹೇಳಿದ್ರ ದಿನಕ್ಕೊಂದು ತಲಿ ಒಡೀತಿತ್ತು, ತಂಗಿ. ಇಪ್ಪತ್ತು ವರ್ಷದಾಗ ಒಂದೂ ಒಡಿಲಿಲ್ಲ.”

“ನನ್ನ ಪತ್ರದಾಗೂ ಹಂಗ ಮಾಡೀರೇನು?”

ಅವರು ಕುರ್ಚಿಯನ್ನು ಎತ್ತಿ ಜಗಲಿಗೆ ಹಾಕಿದರು. ಒಳಗೆ ಮಗಳು ಪಾತ್ರೆ ತೊಳೆಯುವ ಸದ್ದು ನಿಂತಿತು.

“ರಾಜರಿಗೆ ಬರದ ಪತ್ರ ಅವು,” ಎಂದರು. “ಅದರಾಗೂ ನಮ್ಮ ರಾಜ. ಅವರು ಬರದಂಗ ಹೆಂಗ ಹೇಳೂದು? ಅದೂ ಒಬ್ಬ ಹೆಣ್ಣಹುಡುಗಿ ಮುಂದ?”

ನನಗೆ ಸಿಟ್ಟು ಬಂದರೆ ದನಿ ಸಣ್ಣದಾಗುತ್ತದೆ. ಶನಿವಾರದ ವಿಷಯ ಹೇಳಿದೆ. ಜೂನಿನ ವಿಷಯ ಹೇಳಿದೆ. ಸುಳ್ಳಿನ ಕೆಳಗೆ ನನ್ನ ಹೆಸರು ಇರುತ್ತದೆ ಎಂದೂ ಹೇಳಿದೆ. ಸುಳ್ಳು ಎಂಬ ಮಾತಿಗೆ ಅವರು ಎದ್ದು ಒಳಗೆ ಹೋದರು. ಕೊನೆಯ ಬಸ್ಸಿಗೆ ಬೆಳಗಾವಿಗೆ ಮರಳಿದೆ. ಪ್ರಬಂಧ ಮುಗಿಯಿತೇ ಎಂದು ಅಪ್ಪ ಕೇಳಿದ್ದಕ್ಕೆ ಎಲ್ಲ ಮುಗಿಯಿತು ಎಂದೆ.

ಬುಧವಾರ ಮೊದಲ ಬಸ್ಸಿಗೇ ಮತ್ತೆ ಹೋದೆ. ಕಾಕಾ ಜಗಲಿಯ ಮೇಲೆಯೇ ಇದ್ದರು. ಬಾ ತಂಗಿ ಎನ್ನಲಿಲ್ಲ. ನಾನೇ ಕುಳಿತು ಮೂರನೆಯ ಅಧ್ಯಾಯದ ಪತ್ರಗಳಿದ್ದ ನಕಲಿನ ವಹಿ ಬಿಚ್ಚಿದೆ.

“ಬರದಂವ ಸತ್ತಾನ ಕಾಕಾ. ಓದಿದ ರಾಜನೂ ಸತ್ತಾನ. ಇನ್ನ ಯಾರ ತಲೀನೂ ಒಡ್ಯೂದಿಲ್ಲ.”

“ನೀ ಅದೀಯಲ್ಲ,” ಎಂದರು.

ವಹಿ ಎಳೆದುಕೊಂಡು ಕನ್ನಡಕ ಹಾಕಿಕೊಂಡರು. ನನ್ನ ಕಡೆ ನೋಡದೆ, ಗೋಡೆಯ ಕಡೆ ಮುಖ ಮಾಡಿ ಓದಿದರು. ಪತ್ರದಲ್ಲಿ ಹೊಗಳಿಕೆ ನಿಜವಾಗಿಯೂ ಇತ್ತು, ಆದರೆ ಎರಡೇ ಸಾಲು. ಮಿಕ್ಕದ್ದೆಲ್ಲ ವ್ಯಾಪಾರ ಮತ್ತು ಬೆದರಿಕೆ. ಕೋಟೆಗೆ ಜಾಗ ಸಿಗದಿದ್ದರೆ ಕುದುರೆಗಳು ಬಿಜಾಪುರಕ್ಕೆ ಹೋಗುತ್ತವೆ. ಮುಂದಿನ ಪತ್ರ ತಮ್ಮ ದೊರೆಗೇ ಬರೆದದ್ದು: ಬಿಜಾಪುರಕ್ಕೂ ಇದೇ ಆಸೆ ತೋರಿಸಿದ್ದೇವೆ, ಇಬ್ಬರೂ ನಮ್ಮ ಬಾಗಿಲಲ್ಲಿ ನಿಲ್ಲಲಿ ಎಂಬ ಅರ್ಥದ್ದು. ರಾಯರ ಕಡೆಯವರೂ ಕಡಿಮೆ ಇರಲಿಲ್ಲ. ರಾಯಭಾರಿಯನ್ನು ವಾರಗಟ್ಟಲೆ ಕಾಯಿಸಿ, ಕೋಟೆಯ ಮಾತೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಉತ್ತರ ಕೊಟ್ಟಿದ್ದರು. ಪಾದ್ರಿಯ ಮಾತಿನಲ್ಲಿ ದಣಿವಿತ್ತು. ಅದನ್ನೂ ಕಾಕಾ ಮೊದಲು ನನಗೆ ಹೇಳಿರಲಿಲ್ಲ.

ಬಿರುಸಾದ ಮಾತು ಬಂದಾಗಲೆಲ್ಲ ಅವರು ನಿಲ್ಲುತ್ತಿದ್ದರು. ನಾನು ಪೆನ್ನು ಎತ್ತದೆ ಕಾಯುತ್ತಿದ್ದೆ. ಆಮೇಲೆ ಹೇಳುತ್ತಿದ್ದರು.

ಮೂರನೆಯ ಅಧ್ಯಾಯ ಹೊಸದಾಗಿ ಬರೆದೆ. ಸಂಬಂಧ ಬೆಳೆದದ್ದು ಆದರದಿಂದಲ್ಲ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರಲಿಲ್ಲ, ಇಬ್ಬರಿಗೂ ಬೇಕಾದದ್ದು ಇನ್ನೊಬ್ಬರ ಹತ್ತಿರವೇ ಇತ್ತು, ಅದಕ್ಕೇ ಮಾತು ನಿಲ್ಲಲಿಲ್ಲ. ಟೈಪು ಮಾಡುವವರು ಗೊಣಗುತ್ತ ನಾಲ್ಕು ಪ್ರತಿ ತೆಗೆದುಕೊಟ್ಟರು. ಶನಿವಾರ ಕಚೇರಿ ಮುಚ್ಚುವ ಮೊದಲು ಒಪ್ಪಿಸಿದೆ.

ಮೌಖಿಕ ಪರೀಕ್ಷೆಯಲ್ಲಿ ಮಾರ್ಗದರ್ಶಕರು, ಮೊದಲಿನ ಕರಡಿನಲ್ಲಿ ಬೇರೆಯೇ ವಾದವಿತ್ತಲ್ಲ, ಯಾಕೆ ಬದಲಾಯಿತು ಎಂದು ಕೇಳಿದರು. ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವುತ್ತ, “ಚೌಕಿಯ ದುಭಾಷಿಯೊಬ್ಬನನ್ನು ನಂಬಿ ಇತಿಹಾಸ ಬರೆಯುತ್ತೀರಾ? ಅವನೇ ತಪ್ಪು ಹೇಳಿದ್ದಿರಬೇಕು,” ಎಂದರು. ಹೌದು ಎಂದಿದ್ದರೆ ತಪ್ಪೆಲ್ಲ ಕಾಕಾರ ತಲೆಗೆ ಹೋಗಿ ನನ್ನ ವಿಚಾರಣೆ ಅಲ್ಲಿಗೆ ಮುಗಿಯುತ್ತಿತ್ತು.

“ಮೊದಲ ಕರಡು ನನ್ನ ಅವಸರದ್ದು, ಸರ್,” ಎಂದೆ. “ಅವರು ಎರಡು ಸಲ ಓದಿ ಹೇಳಿದರು. ನಾನು ಎರಡನೆಯ ಸಲ ಸರಿಯಾಗಿ ಕೇಳಿಸಿಕೊಂಡೆ.”

ಅವಸರಕ್ಕೆ ನನ್ನ ದರ್ಜೆ ಒಂದು ಮೆಟ್ಟಿಲು ಇಳಿಯಿತು. ಪ್ರಬಂಧ ಉಳಿಯಿತು. ಜೂನಿನ ಜಾಗವೂ ಹೇಗೋ ಸಿಕ್ಕಿತು.

ಪ್ರಬಂಧದ ಒಂದು ಪ್ರತಿ ಕೊಡಲು ಖಾನಾಪುರಕ್ಕೆ ಹೋದೆ. ಕಾಕಾ ಕೃತಜ್ಞತೆಯ ಪುಟವನ್ನು ಬೆರಳಿಟ್ಟು ಓದಿದರು.

“ನನ್ನ ತರ್ಜುಮಿಗೆ ಏನಂದ್ರು, ದೊಡ್ಡವರು?”

“ಭಾಳ ಚಂದ ಅದ ಅಂದ್ರು, ಕಾಕಾ. ಇಂಥವರು ಈಗ ಸಿಗೂದಿಲ್ಲ ಅಂದ್ರು.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಚೌಕಿಯಲ್ಲಿ ಮಾಲು ಮುಚ್ಚಿಟ್ಟ ಗಾಡಿಯವರನ್ನು ಹೀಗೆಯೇ ನೋಡುತ್ತಿದ್ದಿರಬೇಕು. ನಾನು ಕಣ್ಣು ತಪ್ಪಿಸಿದೆ.

“ಇರಲಿ ಬಿಡು,” ಎಂದರು. ಒಳಗಿದ್ದ ಮಗಳಿಗೆ ಕೂಗಿ ಹೇಳಿದರು, “ಏ, ಎರಡು ಚಾ ಮಾಡು. ತಂಗಿ ಚೌಕಿ ಕೆಲಸ ಕಲ್ತಾಳ.”