ಹಿಟ್ಟಿಲ್ಲದ ಬ್ರೆಡ್ಡು

ಬ್ರೆಡ್ಡು ಮಾಡುವವನ ಮಗಳು ಬ್ರೆಡ್ಡು ತಿನ್ನಬಾರದು ಎಂದರೆ ಯಾರಿಗಾದರೂ ನಗು ಬರಬೇಕು. ಬೇಕರಿಯವನಿಗೆ ಬರಲಿಲ್ಲ.

ಅವಳ ಉಬ್ಬಿದ ಕೆನ್ನೆ ನೋಡಿ ಬೀದಿಯವರೆಲ್ಲ ಬನ್ನು ಎಂದೇ ಕರೆಯುತ್ತಿದ್ದರು. ಶಾಲೆಗೆ ಸೇರುವ ಹೊತ್ತಿಗೆ ಬನ್ನುವಿಗೆ ಫಿಟ್ಸ್ ಶುರುವಾಯಿತು. ಆಡುತ್ತಾಡುತ್ತಲೇ ಕಣ್ಣು ಮೇಲೆ ಸಿಕ್ಕಿಕೊಂಡು, ಕೈಕಾಲು ಸೆಟೆದು, ನಿಂತಲ್ಲೇ ಬೀಳುತ್ತಿದ್ದಳು. ಔಷಧಿಯ ಮೇಲೆ ಔಷಧಿ ಬದಲಾಯಿಸಿ ಸೋತ ಡಾಕ್ಟರಮ್ಮ, ಇನ್ನು ಊಟವನ್ನೇ ಬದಲಾಯಿಸಿ ನೋಡೋಣ ಎಂದರು. ಮಿದುಳಿಗೆ ಸಾಮಾನ್ಯವಾಗಿ ಉರುವಲು ಸಿಗುವುದು ಹಿಟ್ಟು, ಸಕ್ಕರೆಯಿಂದ. ಅದನ್ನು ನಿಲ್ಲಿಸಿಬಿಟ್ಟರೆ ಮೈ ಕೊಬ್ಬನ್ನು ಕರಗಿಸಿ ಬೇರೆ ಉರುವಲು ಒದಗಿಸುತ್ತದೆ; ಅದರಲ್ಲಿ ಕೆಲವು ಮಕ್ಕಳಿಗೆ ಫಿಟ್ಸ್ ತಗ್ಗುತ್ತದೆ, ಎಲ್ಲರಿಗೂ ಅಲ್ಲ. ಒಂದು ಚಮಚ ಹಿಟ್ಟು ಹೊಟ್ಟೆ ಸೇರಿದರೂ ಮೈ ಹಳೆಯ ಚಾಳಿಗೆ ಮರಳಬಹುದು. ಮೂತ್ರದಲ್ಲಿ ಅದ್ದುವ ಕಾಗದದ ಪಟ್ಟಿಯೊಂದನ್ನು ಕೊಟ್ಟರು. ಅದು ನೇರಳೆಯಾದರೆ ಕೊಬ್ಬು ಉರಿಯುತ್ತಿದೆ ಎಂದರ್ಥ, ಬಣ್ಣ ಮಾಸಿದರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ.

ಇದನ್ನು ಕೇಳಿ ಬೇಕರಿಯವನ ಅಮ್ಮ ಕೆಂಡವಾದಳು. ಗಂಡನ ಕಾಲದಿಂದಲೂ ಬೇಕರಿಯ ಗಲ್ಲಾದಲ್ಲಿ ಕೂತ ಹೆಂಗಸು ಅವಳು. ಮೂಟೆ ಹೊರುವವರಿಂದ ಹಿಡಿದು ಶಾಲೆಗೆ ಓಡುವ ಮಕ್ಕಳವರೆಗೆ ಎಲ್ಲರೂ ತನ್ನ ಅಂಗಡಿಯ ಬ್ರೆಡ್ಡಿನ ಮೇಲೆಯೇ ಬದುಕಿದ್ದಾರೆ ಎಂಬುದು ಅವಳ ಗಟ್ಟಿ ನಂಬಿಕೆ.

"ಮೈಗೆ ಶಕ್ತಿ ಬರೋದು ಹಿಟ್ಟಿಂದ ಕಣೋ," ಎಂದಳು. "ಬೆಣ್ಣೆ ಇರೋದು ಮೇಲೆ ಸವರೋಕೆ, ಹೊಟ್ಟೆ ತುಂಬಿಸೋಕಲ್ಲ."

ಸೊಸೆ ಡಾಕ್ಟರಮ್ಮನ ಪಕ್ಷ. ಊಟಕ್ಕೆ ಕೂತಾಗಲೆಲ್ಲ ಹಿಟ್ಟು ಮೇಲೋ ಕೊಬ್ಬು ಮೇಲೋ ಎಂಬ ವಾದ ಹತ್ತಿಕೊಳ್ಳುತ್ತಿತ್ತು. ಅತ್ತೆ ಒಂದು ಅಂದರೆ ಸೊಸೆ ಎರಡು. ಬೇಕರಿಯವನು ತಲೆ ತಗ್ಗಿಸಿ ಉಣ್ಣುತ್ತಿದ್ದ. ಜೀವಮಾನವಿಡೀ ಹಿಟ್ಟು ನಾದಿದವನಿಗೆ ಒಳಗೊಳಗೇ ಅಮ್ಮನ ಮಾತೇ ಸರಿ ಎನಿಸುತ್ತಿತ್ತು, ಆದರೆ ನೇರಳೆ ಪಟ್ಟಿಯನ್ನು ನೋಡಿದಾಗ ಹೆಂಡತಿಯ ಮಾತು. ಯಾಕೆಂದರೆ ಫಿಟ್ಸ್ ನಿಜಕ್ಕೂ ಕಡಿಮೆಯಾಗಿತ್ತು.

ಕಷ್ಟ ಬಂದದ್ದು ಮಗುವಿನ ಬಾಯಿಗೆ. ಬೆಣ್ಣೆ, ಮೊಟ್ಟೆ, ಕೆನೆ ಕಂಡರೆ ಬನ್ನುವಿಗೆ ವಾಕರಿಕೆ. ತಟ್ಟೆ ತಳ್ಳಿ, ಬ್ರೆಡ್ಡು ಬೇಕು ಎಂದು ಅಳುತ್ತಿದ್ದಳು. ಹಿಟ್ಟಿನ ವಾಸನೆಯಲ್ಲೇ ಮನೆಗೆ ಬರುವ ಅಪ್ಪ ಮೈ ತೊಳೆದುಕೊಂಡೇ ಅವಳ ಬಳಿ ಹೋಗುತ್ತಿದ್ದ. ಕೊನೆಗೆ ಅವನೇ ಒಂದು ಬ್ರೆಡ್ಡು ಕಂಡುಹಿಡಿದ. ಬಾದಾಮಿ ಪುಡಿ, ಮೊಟ್ಟೆ, ಧಾರಾಳ ಬೆಣ್ಣೆ, ಹಿಟ್ಟಿನ ಸೋಂಕಿಲ್ಲ. ಅಂಗಡಿಯ ಕೆಲಸ ಮುಗಿದ ಮೇಲೆ ಒಲೆಯಲ್ಲಿ ಉಳಿದ ಕಾವಿನಲ್ಲೇ ಬೇಯಿಸುತ್ತಿದ್ದ. ಅದನ್ನು ಬನ್ನು ಎರಡೂ ಕೈಯಲ್ಲಿ ಹಿಡಿದು ತಿಂದಳು. ಅವನು ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡ.

ಆ ವಾರವೇ ಪಟ್ಟಿಯ ಬಣ್ಣ ಮಾಸಿತು. ಫಿಟ್ಸ್ ಮರಳಿತು.

ಮನೆಯಲ್ಲಿ ಯಾರೋ ಕದ್ದು ತಿನ್ನಿಸುತ್ತಿದ್ದಾರೆ ಎಂದಳು ಹೆಂಡತಿ. ಯಾರು ಎಂದು ಹೇಳಬೇಕಾಗಿರಲಿಲ್ಲ. ಅಮ್ಮನ ಚೀಲದಲ್ಲಿ ಬಿಸ್ಕತ್ತಿನ ಪುಡಿ ಇತ್ತು. ಬೇಕರಿಯಲ್ಲಿ ಕೂರುವವಳ ಚೀಲದಲ್ಲಿ ಇನ್ನೇನಿರುತ್ತದೆ ಎಂದು ಅವನಿಗೆ ಹೊಳೆಯಲಿಲ್ಲ.

"ಅಮ್ಮ, ಸ್ವಲ್ಪ ದಿನ ಅಕ್ಕನ ಮನೇಲಿ ಇರು," ಎಂದ.

"ನಾನು ವಾದ ಮಾಡಿದ್ದು ನಿಜ," ಎಂದಳು ಅಮ್ಮ. "ಆದ್ರೆ ಕೊಟ್ಟಿಲ್ಲ ಕಣೋ. ಒಂದು ಚೂರೂ ಕೊಟ್ಟಿಲ್ಲ."

ಅವನು ನಂಬಲಿಲ್ಲ. ಅವಳು ಚೀಲ ಹೆಗಲಿಗೇರಿಸಿ ಹೊರಟುಹೋದಳು.

ಅವಳು ಹೋದ ಮೇಲೂ ಪಟ್ಟಿ ಬಿಳುಚಿಕೊಂಡೇ ಇತ್ತು. ಬನ್ನು ಕುರ್ಚಿಯಿಂದ ಉರುಳಿ ತುಟಿ ಒಡೆದುಕೊಂಡಳು. ಈ ಊಟ ಇವಳಿಗೆ ಹಿಡಿಯುತ್ತಿಲ್ಲ ಅಂತ ಕಾಣುತ್ತದೆ, ಇನ್ನೊಂದು ವಾರ ನೋಡಿ ನಿಲ್ಲಿಸಿಬಿಡೋಣ ಎಂದರು ಡಾಕ್ಟರಮ್ಮ. ಔಷಧಿಗಳೆಲ್ಲ ಆಗಲೇ ಸೋತಿದ್ದವು.

ಮರುದಿನ ಮಧ್ಯಾಹ್ನ ಕೆಲಸಗಾರರು ಹೋದ ಮೇಲೆ ಅವನು ಮಗಳ ಬ್ರೆಡ್ಡಿಗೆ ಬೇಕಾದದ್ದನ್ನೆಲ್ಲ ಕೂಡಿಸಿಕೊಂಡ. ಮೊಟ್ಟೆ ಒಡೆದ. ಬಾದಾಮಿ ಪುಡಿಯನ್ನು ತೂಗಿದ. ಅಚ್ಚಿಗೆ ಬೆಣ್ಣೆ ಸವರಿದ. ಮನಸ್ಸು ಎಲ್ಲೋ ಇತ್ತು. ಬಲಗೈ ತಾನಾಗಿಯೇ ಪಕ್ಕದ ಡಬ್ಬಿಗೆ ಹೋಯಿತು, ಒಂದು ಹಿಡಿ ತೆಗೆಯಿತು, ಅಚ್ಚಿನೊಳಗೆ ಎರಚಿತು, ಬ್ರೆಡ್ಡು ಅಂಟದಿರಲಿ ಎಂದು ತನ್ನ ಅಪ್ಪ ಕಲಿಸಿಕೊಟ್ಟ ಹಾಗೆ ಅಚ್ಚನ್ನು ತಿರುಗಿಸಿ ತಟ್ಟಿತು.

ಅಚ್ಚಿನ ಒಳಮೈ ಪೂರ್ತಿ ಬೆಳ್ಳಗಾಗಿತ್ತು. ಮೈದಾ ಹಿಟ್ಟು.

ಅವನು ಅಲ್ಲೇ ಮೂಟೆಯ ಮೇಲೆ ಕೂತ. ಪ್ರತಿದಿನ ಇದೇ ಕೈ, ಪ್ರತಿದಿನ ಇದೇ ಹಿಡಿ. ಮಗಳ ತುಟಿ ಒಡೆದದ್ದು ಇದರಿಂದ, ಅಮ್ಮ ಚೀಲ ಹೊತ್ತು ಹೋದದ್ದು ಇದರಿಂದ. ಕೈಯನ್ನು ಕತ್ತರಿಸಿ ಎಸೆಯಬೇಕೆನಿಸಿತು.

ಅಂಗಡಿಗೆ ಬೀಗ ಹಾಕಿ ಅಕ್ಕನ ಮನೆಗೆ ಓಡಿದ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಅಮ್ಮ ಅವನ ಬಲಗೈಯನ್ನೇ ನೋಡಿ, "ಆ ಕೈ ನಿನ್ನ ಮಾತು ಕೇಳಲ್ಲ. ನಿಮ್ಮಪ್ಪಂದೂ ಕೇಳ್ತಿರಲಿಲ್ಲ," ಎಂದಳು.

ಸಂಜೆ ಬೇಕರಿಯಲ್ಲಿ ಅವಳು ಗಲ್ಲಾದಲ್ಲಿ ಕೂರಲಿಲ್ಲ. ಹೊಸ ಅಚ್ಚಿಗೆ ಅವನು ಬೆಣ್ಣೆ ಸವರುತ್ತಿದ್ದಂತೆ ಪಕ್ಕದಲ್ಲಿ ನಿಂತಳು. ಹಿಟ್ಟೇ ಇಲ್ಲದೆ ಮಗು ಹೇಗೆ ಬದುಕುತ್ತದೋ ಎಂದು ಗೊಣಗುತ್ತಲೇ ಇದ್ದಳು. ಬನ್ನುವಿಗೆ ವಾಸಿಯಾಗುತ್ತದೋ ಇಲ್ಲವೋ ಅವನಿಗೂ ತಿಳಿಯದು. ಡಾಕ್ಟರಮ್ಮ ಕೊಟ್ಟದ್ದು ಒಂದೇ ವಾರ. ಬೆಣ್ಣೆ ಸವರಿ ಮುಗಿದೊಡನೆ ಅವನ ಬಲಗೈ ಮತ್ತೆ ಡಬ್ಬಿಯ ಕಡೆ ಹೊರಳಿತು. ಅಮ್ಮ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬ್ರೆಡ್ಡು ಒಲೆಯೊಳಗೆ ಹೋಗುವವರೆಗೂ ಬಿಡಲಿಲ್ಲ.