ಡಲ್ಸಿಯ ಕಂಬ

ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಡಲ್ಸಿ ಪ್ರಾಟನ್‌ಗೆ ಮನೆಯಲ್ಲಿ ಸುಮ್ಮನೆ ಕೂತು ಗೊತ್ತಿಲ್ಲ. ಹನ್ನೊಂದು ಬೇಸಿಗೆಯಿಂದ ಬೆಳಗಾಗುತ್ತಲೇ ಊರಾಚೆಯ ಜೌಗುಕೆರೆಯ ಪಕ್ಷಿಧಾಮಕ್ಕೆ ಹಾಜರು. ಹಕ್ಕಿ ನೋಡಲು ಕಟ್ಟಿದ ಮರದ ಕೋಣೆಯಲ್ಲೊಂದು ಕರಿಹಲಗೆ ಇದೆ. ಅದರ ಸೀಮೆಸುಣ್ಣ ಅವಳದು. ಸೈಬೀರಿಯದಿಂದ ಬಂದ ಗೊರವ ಹಕ್ಕಿ ಎಷ್ಟು, ಕರಿಹಂಸದ ಮರಿ ಎಷ್ಟು, ಹಾವು ಬಿಸಿಲಿಗೆ ಮೈ ಕಾಯಿಸುತ್ತಿದ್ದದ್ದು ಎಲ್ಲಿ, ಅವಳು ಬರೆದರೆ ಊರೇ ನಂಬುತ್ತಿತ್ತು.

ಅದು ಹೋದ ಬೇಸಿಗೆಯವರೆಗಿನ ಮಾತು. ಆಗೊಂದು ದಿನ ಅವಳು ‘ಬಿಟರ್ನ್, ಒಂದು’ ಎಂದು ಬರೆದಳು. ಬಿಟರ್ನ್ ಎಂದರೆ ಜೊಂಡಿನೊಳಗೆ ಬಾಳುವ ಕಂದು ಕೊಕ್ಕರೆ. ಆಳು ಕಂಡರೆ ಕೊಕ್ಕು ಮೇಲೆತ್ತಿ, ತಾನೂ ಒಂದು ಜೊಂಡು ಎಂಬಂತೆ ಅಲ್ಲಾಡದೆ ನಿಂತುಬಿಡುತ್ತದೆ. ಆರು ವರ್ಷದಿಂದ ಇಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ದೂರದೂರದಿಂದ ಜನ ಓಡಿಬಂದು ದುರ್ಬೀನು ಹಿಡಿದು ನೋಡಿದರೆ ಅದು ಹಳೇ ಬೇಲಿಯ ಮುರುಕು ಕಂಬ. ಅಂದಿನಿಂದ ಅದಕ್ಕೆ ‘ಡಲ್ಸಿಯ ಕಂಬ’ ಎಂದೇ ಹೆಸರು. ಅವಳೂ ಎಲ್ಲರ ಜೊತೆ ನಕ್ಕಳು. ಕಣ್ಣಿನ ನಡುಭಾಗ ಮಸುಕಾಗುತ್ತಿದೆ, ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಈ ಜನವರಿಯ, ಅಂದರೆ ಆ ಸೀಮೆಯ ನಡುಬೇಸಿಗೆಯ, ಒಂದು ಬೆಳಗ್ಗೆ ಸೀಮೆಸುಣ್ಣದ ಡಬ್ಬಿ ತಂದು ಕ್ಲಾರಿಯ ಮುಂದಿಟ್ಟಳು. ಕ್ಲಾರಿ ಪಕ್ಕದ ಭತ್ತದ ಗದ್ದೆಯವನು. ಕಂಬಕ್ಕೆ ಹೆಸರಿಟ್ಟವನೂ ಅವನೇ.

“ಇನ್ಮೇಲೆ ನೀನೇ ಬರಿ. ನನ್ನ ಕಣ್ಣು ಹೋಗ್ತಿದೆ ಕಣೋ.”

ಕ್ಲಾರಿಯ ನಾಲಿಗೆಯ ತುದಿಗೆ ಬಂದಿದ್ದ ತಮಾಷೆ ಅಲ್ಲೇ ಉಳಿಯಿತು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ.

“ಸಕ್ಕರೆ ಎರಡು ಚಮಚ ತಾನೆ?”

“ಇವತ್ತು ಮೂರು ಹಾಕು.”

ಆಗಲೇ ದೂರದ ಜೊಂಡಿನಿಂದ, ಖಾಲಿ ಜಾಡಿಯ ಬಾಯಿಗೆ ಊದಿದಂಥ ಸದ್ದು ಬಂತು. ಮತ್ತೊಮ್ಮೆ ಬಂತು. ಡಲ್ಸಿ ಲೋಟ ಕೆಳಗಿಟ್ಟಳು.

“ಬಿಟರ್ನ್.”

“ಯಾರದೋ ಹೋರಿ ಇರ್ಬೇಕು ಬಿಡು.”

“ಹೋರಿ ಸದ್ದು ನಂಗೆ ಗೊತ್ತಿಲ್ವಾ? ಎಡಗಡೆ ನೋಡು, ನನ್ನ ಕಂಬದ ಹತ್ರ.”

ಅವಳ ಸಮಾಧಾನಕ್ಕೆಂದು ಕ್ಲಾರಿ ದೂರದರ್ಶಕಕ್ಕೆ ಕಣ್ಣಿಟ್ಟ.

“ಏನೂ ಇಲ್ಲ ಕಣೆ. ನೀರು, ಜೊಂಡು, ನಿನ್ನ ಎರಡು ಕಂಬ.”

“ಎಷ್ಟು ಅಂದೆ?”

“ಎರಡು.”

“ಅಲ್ಲಿರೋದು ಒಂದೇ. ಆ ಒಂದು ಕಂಬಕ್ಕೆ ಇಡೀ ಊರು ಒಂದು ವರ್ಷ ನಕ್ಕಿದೆ. ನಂಗೆ ಮರೆಯುತ್ತಾ?”

ಕ್ಲಾರಿ ಮತ್ತೆ ನೋಡಿದ. ದೂರದರ್ಶಕದ ತಿರುಪು ತಿರುಗಿಸಿ ಇನ್ನೊಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ:

“ಡಲ್ಸಿ, ಒಂದು ಕಂಬ ನಡೀತಿದೆ.”

ಅವಳನ್ನು ಕೈಹಿಡಿದು ದೂರದರ್ಶಕದ ಮುಂದೆ ಕೂರಿಸಿದ. ನೇರ ನೋಡಿದರೆ ಮಸುಕು. ಕಣ್ಣನ್ನು ಕೊಂಚ ಓರೆ ಮಾಡಿದಾಗ ಕಂದು ಬಣ್ಣದ್ದೊಂದು ಬಾಗಿ ಕಪ್ಪೆಯನ್ನು ಹಿಡಿದದ್ದು ಕಂಡಿತು. ಡಲ್ಸಿಗೆ ಅಳು ಬಂತು. ಹಕ್ಕಿಗೆ, ಇನ್ನೂ ನೆಟ್ಟಗಿರುವ ಕಿವಿಗೆ, ಈ ಬಾಯಿಬಡುಕನಿಗೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮಾನ ಕಳೆದಿದ್ದ ಆ ಕಂಬಕ್ಕೆ ಕೈಮುಗಿಯಬೇಕೆನಿಸಿತು.

ಕ್ಲಾರಿ ಡಬ್ಬಿಯನ್ನು ಅವಳ ಮಡಿಲಿಗೇ ಹಾಕಿದ. “ಕೇಳೋದು ನೀನು, ನೋಡೋದು ನಾನು. ಬರೆಯೋದು ಮಾತ್ರ ನಿಂದೇ.”

ಅವಳು ಎದ್ದು ಹಲಗೆಯ ಮೇಲೆ ದಪ್ಪ ಸೊಟ್ಟ ಅಕ್ಷರದಲ್ಲಿ ಬರೆದಳು: ‘ಬಿಟರ್ನ್, ಒಂದು. ಕಂಬ, ಒಂದು.’