ಕಡಲ ಬದಿಯ ಖಾಲಿ ಜಾಗ

ನನ್ನದು ಮೊಸರಿನಲ್ಲಿ ಕಲ್ಲು ಹುಡುಕುವ ಬುದ್ಧಿ ಎಂದು ಗಂಡ ಆಗಾಗ ಹೇಳುವುದುಂಟು. ಇರಬಹುದು. ಅಬುಧಾಬಿಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅದು ತಾನಾಗಿಯೇ ಬರುತ್ತದೆ. ಸ್ಟುಡಿಯೋ ಫ್ಲ್ಯಾಟ್ ಎಂದು ಹೇಳಿ ಪ್ಲೈವುಡ್ ಗೋಡೆಯ ಪಾರ್ಟಿಷನ್ ತೋರಿಸಿದವರನ್ನು ಕಂಡಿದ್ದೇನೆ. ಸಮುದ್ರ ಕಾಣುತ್ತದೆ ಎಂದವರ ಕಿಟಕಿಯಲ್ಲಿ ಕತ್ತು ಕೊಂಕಿಸಿ ಪಕ್ಕದ ಕಟ್ಟಡದ ಏಸಿಗಳನ್ನು ನೋಡಿ ಬಂದಿದ್ದೇನೆ. ಹಾಗಿರುವಾಗ, ಇಂಡೋನೇಷ್ಯಾದ ಯಾವುದೋ ದೂರದ ದ್ವೀಪದ ಮೀನುಗಾರರ ಹಳ್ಳಿಯಲ್ಲಿ, ಕಡಲಿಗೆ ತಾಗಿಕೊಂಡೇ ಒಂದು ಖಾಲಿ ಜಾಗ ನಮಗಾಗಿ ಕಾದಿದೆ ಎಂದು ಗಂಡ ಬಂದು ಹೇಳಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ.

"ಯಾರು ಹೇಳಿದ್ದು?"

"ನಮ್ಮವನೇ ಮಾರಾಯ್ತಿ, ಬೆಂಗಳೂರಿನವ. ಚಂದ ಕನ್ನಡ ಮಾತಾಡ್ತಾನೆ."

ಅಲ್ಲಿಗೆ ನನ್ನ ಅನುಮಾನ ಇಮ್ಮಡಿಯಾಯಿತು. ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ನಮ್ಮವರ ಮನಸ್ಸು ಕರಗುತ್ತದೆ, ಹಿಂದೆಯೇ ಕೈ ಜೇಬಿಗೆ ಹೋಗುತ್ತದೆ. ಮಾರುವವರಿಗೂ ಇದು ಚೆನ್ನಾಗಿ ಗೊತ್ತು.

ಗಂಡನ ಆಸೆ ನನಗೆ ಅರ್ಥವಾಗದ್ದೇನಲ್ಲ. ಇಲ್ಲಿ ಕೆಲಸ ಮುಗಿದರೆ ವೀಸಾವೂ ಮುಗಿಯುತ್ತದೆ. ಊರಿನ ಕಡಲ ಬದಿಯಲ್ಲಿ ಈಗ ಬರೀ ರೆಸಾರ್ಟುಗಳು, ರಜಾದಿನದ ಗಲಾಟೆ. ಎಲ್ಲಾದರೂ ಶಾಂತವಾದ ದಡದಲ್ಲಿ ಸಣ್ಣದೊಂದು ಮನೆ ಕಟ್ಟಿ, ಬೆಳಿಗ್ಗೆ ಚಾ ಹಿಡಿದುಕೊಂಡು ನೀರು ನೋಡುತ್ತ ಕೂರಬೇಕು ಎಂಬುದು ಅವರ ಹಂಬಲ. ಅದಕ್ಕೆ ನಮ್ಮ ಉಳಿತಾಯವೆಲ್ಲ ಹೋಗಬೇಕಿತ್ತು. ಹೋದರೆ ಮತ್ತೆ ಕೂಡಿಡುವ ವಯಸ್ಸು ನಮ್ಮದಲ್ಲ. ನನ್ನ ಹೆದರಿಕೆ ಇದ್ದದ್ದು ಅಲ್ಲಿ.

ಆ ದಿನಗಳಲ್ಲಿ ಅತ್ತೆ ವಿಸಿಟ್ ವೀಸಾದಲ್ಲಿ ಬಂದು ನಮ್ಮ ಜೊತೆ ಟೂರಿಸ್ಟ್ ಕ್ಲಬ್ ಏರಿಯಾದ ಫ್ಲ್ಯಾಟಿನಲ್ಲಿದ್ದರು. ಮಲ್ಪೆಯ ಕಡೆಯ ಹೆಂಗಸು, ಒಣಮೀನು ಮಾರಿ ಮಗನನ್ನು ಎಂಜಿನಿಯರ್ ಮಾಡಿದವರು. ಗಂಡ ತಂದಿದ್ದ ಬ್ರೋಶರನ್ನು ಊಟದ ಮೇಜಿನ ಮೇಲೆ ಹರಡಿ ನಾನೂ ಅತ್ತೆಯೂ ನೋಡಿದೆವು. ತೆಂಗಿನ ಮರಗಳು, ಬಣ್ಣದ ದೋಣಿಗಳು, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳು, ಪಕ್ಕದಲ್ಲಿ ನಮ್ಮದಾಗಬೇಕಾದ ಬಿಳಿ ಮರಳಿನ ಜಾಗ.

"ನಮ್ಮ ಊರಿನ ಹಾಗೆಯೇ ಉಂಟಲ್ಲ," ಎಂದರು ಅತ್ತೆ ಖುಷಿಯಿಂದ.

ನನ್ನ ಕಣ್ಣು ಹೋದದ್ದು ಮರಳಿನ ಮೇಲಿದ್ದ ಕುಳಿಗಳ ಕಡೆಗೆ. ಸಣ್ಣ ಸಣ್ಣ ಕುಳಿಗಳು, ಸಾಲಾಗಿ, ಒಂದೇ ಅಂತರದಲ್ಲಿ. ಏಡಿ ತೋಡಿದ್ದಾದರೆ ಹಾಗೆ ಗೆರೆ ಎಳೆದಂತೆ ಇರುವುದಿಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆಯ ಜೊತೆ ಬಿದಿರಿನ ತಟ್ಟಿಯ ಮೇಲೆ ಒಣಗಲು ಹಾಕಿದ ಮೀನು ಮಗುಚಿದವಳು ನಾನು. ತಟ್ಟಿಗೆ ಕೊಟ್ಟ ಗೂಟಗಳನ್ನು ಕಿತ್ತರೆ ಉಳಿಯುವ ಗುರುತು ಅದು. ಫೋಟೋ ತೆಗೆಯುವ ಮೊದಲು ಅಲ್ಲಿದ್ದ ಏನನ್ನೋ ಯಾರೋ ಕಿತ್ತು ಬದಿಗಿಟ್ಟಿದ್ದರು. ಗಂಡನಿಗೆ ತೋರಿಸಿದೆ.

"ಆಯ್ತಪ್ಪ, ಇನ್ನು ಕುಳಿ ಹಿಡಿದುಕೊಂಡು ಕೂತುಕೋ," ಎಂದು ಅವರು ಬ್ರೋಶರ್ ಮಡಚಿದರು.

ಶನಿವಾರ ಬೆಳಿಗ್ಗೆ ಮೂವರೂ ದುಬೈಗೆ ಹೊರಟೆವು. ಏಜೆಂಟನ ಆಫೀಸು ಜುಮೇರಾ ಲೇಕ್ ಟವರ್ಸ್‌ನ ಒಂದು ಎತ್ತರದ ಮಹಡಿಯಲ್ಲಿತ್ತು. ಅವನು ಬಾಗಿಲಿಗೇ ಬಂದು ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿದ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಮನಸ್ಸಿನಲ್ಲೇ ಹೇಳಿಕೊಂಡು ನಾನು ಕುರ್ಚಿ ಎಳೆದುಕೊಂಡೆ. ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಮಸೆದುಕೊಂಡೇ ಬಂದಿದ್ದೆ.

"ಹೊರದೇಶದವರ ಹೆಸರಿಗೆ ಅಲ್ಲಿ ಜಾಗ ಆಗ್ತದಾ?"

"ಆಗಲ್ಲ ಮೇಡಂ," ಎಂದ ಅವನು, ತಕ್ಷಣ. "ಲೀಸ್ ಮಾತ್ರ. ಲಾಂಗ್ ಲೀಸ್. ನಾನು ಸರ್‌ಗೆ ಮೊದಲೇ ಹೇಳಿದ್ದೀನಿ."

"ಅಂದರೆ ಗೇಣಿಯಾ?" ಅತ್ತೆ ಕೇಳಿದರು.

"ಹಾಗೇ ಅಂದ್ಕೊಳ್ಳಿ ಅಮ್ಮ."

ನನಗೆ ನಿರಾಸೆಯಾಯಿತು. ಹಿಡಿದು ಹಾಕಬೇಕೆಂದಿದ್ದ ಸುಳ್ಳನ್ನು ಅವನು ಹೇಳಲೇ ಇಲ್ಲ. ಮಾಲೀಕನ ಕಾಗದ ಕೇಳಿದೆ, ತೋರಿಸಿದ. ವಕೀಲರಿಂದ ಪರೀಕ್ಷೆ ಮಾಡಿಸಬಹುದೇ ಎಂದೆ, ಮಾಡಿಸಿ ಎಂದ. ಗಂಡ ಮೇಜಿನ ಕೆಳಗೆ ನನ್ನ ಕಾಲು ತಿವಿಯುತ್ತಿದ್ದರು. ಕೊನೆಗೆ ನಾನು, "ಹಳೇ ವಿಡಿಯೋ ಬೇಡ, ಈಗಿಂದೀಗ ಆ ಜಾಗ ತೋರಿಸಿ," ಎಂದೆ. ಇದಕ್ಕಾದರೂ ತಡವರಿಸುತ್ತಾನೆ ಎಂದುಕೊಂಡಿದ್ದೆ. ಅವನು ದ್ವೀಪದಲ್ಲಿದ್ದ ತನ್ನ ಕಡೆಯವನಿಗೆ ಫೋನ್ ಮಾಡಿ, ಅದನ್ನು ಗೋಡೆಯ ದೊಡ್ಡ ಟಿವಿಗೆ ಜೋಡಿಸಿಯೇಬಿಟ್ಟ.

ಅಲ್ಲಿ ಆಗಲೇ ಮಧ್ಯಾಹ್ನ ದಾಟಿತ್ತು. ಅದೇ ತೆಂಗು, ಅದೇ ದೋಣಿಗಳು. ಆದರೆ ಕುಳಿಗಳಿದ್ದ ಕಡೆ ಈಗ ಬಿದಿರಿನ ಗೂಟಗಳು, ಮೇಲೆ ತಟ್ಟಿಗಳು, ತಟ್ಟಿಯ ತುಂಬ ಮೀನು. ತಲೆಗೆ ಬಟ್ಟೆ ಕಟ್ಟಿದ್ದ ವಯಸ್ಸಾದ ಹೆಂಗಸೊಬ್ಬಳು ಬಗ್ಗಿ ಮೀನು ಹರಡುತ್ತಿದ್ದಳು. ಫೋನ್ ಹಿಡಿದವನು ಅವಳಿಗೆ ಬದಿಗೆ ಸರಿಯಲು ಕೈಸನ್ನೆ ಮಾಡಿದ.

"ಅವರು ಇರಲಿ," ಎನ್ನುತ್ತ ಅತ್ತೆ ಎದ್ದು ಟಿವಿಯ ಹತ್ತಿರವೇ ಹೋಗಿಬಿಟ್ಟರು. ಅಚ್ಚ ತುಳುವಿನಲ್ಲಿ ಕೂಗಿದರು: "ಉಂದು ವಾ ಮೀನ್?"

ಇದು ಯಾವ ಮೀನು ಎಂಬ ಆ ಪ್ರಶ್ನೆ ಅವಳಿಗೆ ಎಲ್ಲಿ ತಿಳಿಯಬೇಕು. ಆದರೂ ಫೋನಿನಲ್ಲಿ ತನ್ನದೇ ವಯಸ್ಸಿನ ಮುಖ ಕಂಡು, ಒಂದು ಮುಷ್ಟಿ ಸಣ್ಣ ಬಿಳಿ ಮೀನನ್ನು ಎತ್ತಿ ಕ್ಯಾಮರಾದ ಮುಂದೆ ಹಿಡಿದಳು.

"ಬೊಳೆಂಜಿರ್!" ಎಂದು ನಮ್ಮೂರ ಮೀನಿನ ಹೆಸರನ್ನೇ ಕೂಗಿದ ಅತ್ತೆಯ ದನಿಗೆ ರಿಸೆಪ್ಷನ್ನಿನ ಹುಡುಗಿ ಇಣುಕಿ ನೋಡಿದಳು. ಅಂಗೈ ತಿರುವಿ, ಮಗುಚಿ ಹಾಕು ಎಂದು ಅತ್ತೆ ಸನ್ನೆ ಮಾಡಿದರು. ಅವಳು ನಗುತ್ತ ಮಗುಚಿದಳು. ಮೂರು ವಾರದಿಂದ ಫ್ಲ್ಯಾಟಿನಲ್ಲಿ ಸುಮ್ಮನೆ ಕೂತಿದ್ದ ಅತ್ತೆಯ ಮುಖದಲ್ಲಿ ಅಂಥ ಕಳೆಯನ್ನು ನಾನು ಆವತ್ತೇ ಕಂಡದ್ದು.

ಅವಳು ಏನೋ ಕೇಳಿದಳು. ಫೋನ್ ಹಿಡಿದವನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ: ನೀವು ಬಂದ ಮೇಲೂ ತಾನು ಇಲ್ಲಿ ಮೀನು ಒಣಗಿಸಬಹುದೇ ಎಂದು ಕೇಳುತ್ತಿದ್ದಾಳೆ.

"ಆಫ್ ಕೋರ್ಸ್! ನೋ ಪ್ರಾಬ್ಲಂ!" ಎಂದರು ನನ್ನ ಗಂಡ, ಕೈ ಬೀಸಿ, ದೊಡ್ಡ ಮನಸ್ಸಿನಿಂದ.

ಫೋನ್ ಹಿಡಿದವನು ಅವಳ ಕಡೆ ತಿರುಗಿ ಮಾತಾಡಿದ. ಎರಡು ಮಾತಿನ ಉತ್ತರ ಅವನ ಬಾಯಲ್ಲಿ ಬಹಳ ಉದ್ದವಾಯಿತು. ಅವಳ ನಗು ನಿಂತಿತು. ಮುಷ್ಟಿಯಲ್ಲಿದ್ದ ಮೀನನ್ನು ತಟ್ಟಿಗೆ ಸುರಿದು, ಆ ತಟ್ಟಿಯನ್ನು ಎತ್ತಿಕೊಂಡು ನಡೆದಳು. ಮತ್ತೆ ಬಂದು ಇನ್ನೊಂದನ್ನು ಎತ್ತಿದಳು.

"ನೋಡಿದ್ರಾ ಮೇಡಂ, ಎಷ್ಟು ಕೋಆಪರೇಟಿವ್ ಜನ!" ಎಂದ ಏಜೆಂಟ್, ಟಿವಿ ಆರಿಸುತ್ತ.

"ಅವನು ಅವಳಿಗೆ ಎಂತ ಹೇಳಿದ್ದು?"

"ಸರ್ ಹೇಳಿದ್ದೇ ಮೇಡಂ. ಜಾಗ ಏನೂ ಅವಳದ್ದಲ್ಲ, ಹಿಂದಿನಿಂದ ಒಣಗಿಸಿಕೊಂಡು ಬಂದಿದ್ದಾಳೆ ಅಷ್ಟೆ. ನೀವು ಸೈನ್ ಮಾಡಿದ ದಿನಾನೇ ಕ್ಲಿಯರ್."

ನಾನು ಮೋಸ ಹುಡುಕಿಕೊಂಡು ಹೋಗಿದ್ದೆ. ಇಲ್ಲಿ ಯಾವ ಕಾಗದದಲ್ಲೂ ಮೋಸವಿರಲಿಲ್ಲ, ಎಲ್ಲ ಸರಿಯಾಗಿತ್ತು, ಮತ್ತು ಅದೇ ನನಗೆ ಸಹಿಸಲಾಗಲಿಲ್ಲ. ಸಿಟ್ಟಿನಲ್ಲಿ ನನ್ನ ಬಾಯಿಂದ ನಾನೇ ಎಣಿಸದ ಮಾತು ಬಂತು.

"ಹಾಗಾದರೆ ತೆಗೆದುಕೊಳ್ಳುವ," ಎಂದೆ ಗಂಡನಿಗೆ. "ಆ ತಟ್ಟಿಗಳು ಅಲ್ಲೇ ಇರ್ತವೆ ಅಂತ ಲೀಸಿನಲ್ಲಿ ಬರೆಸಿ. ಬೇರೆ ಯಾರು ತೆಗೆದುಕೊಂಡರೂ ಅವಳನ್ನು ಓಡಿಸ್ತಾರೆ, ನಾವಾದರೆ ಇರಲಿಕ್ಕೆ ಬಿಡ್ತೇವೆ."

ಇಷ್ಟು ಹೊತ್ತು ಬೇಡ ಬೇಡ ಎಂದವಳು ಈಗ ಬೇಕು ಎಂದರೆ ಯಾರಿಗಾದರೂ ಸಂಶಯ ಬಾರದೇ? ಗಂಡ ನನ್ನನ್ನೇ ದಿಟ್ಟಿಸಿದರು.

"ನಿನಗೆ ತಲೆ ಸರಿ ಉಂಟಾ? ಮನೆಯ ಎದುರಿಗೇ ಒಣಮೀನು ಹಾಕಿಸಿಕೊಂಡು ಕೂರುವುದಾ? ಆ ವಾಸನೆಯಲ್ಲಿ ಯಾರು ಇರ್ತಾರೆ ಮಾರಾಯ್ತಿ?"

"ಈಗಷ್ಟೇ ನೋ ಪ್ರಾಬ್ಲಂ ಅಂದಿರಲ್ಲ?"

"ಪಾಪ, ಅವಳು ಕೇಳಿದಳು, ಹೇಳಿದೆ. ಅದಕ್ಕೆಲ್ಲ ಬರೆಸುವುದುಂಟಾ? ಖಲಾಸ್, ಬಿಡು."

ಅತ್ತೆ ಇನ್ನೂ ಆರಿದ ಟಿವಿಯ ಹತ್ತಿರವೇ ನಿಂತಿದ್ದರು. ನಿಧಾನವಾಗಿ ಬಂದು ಕುರ್ಚಿಯಲ್ಲಿ ಕೂತರು. ಏಜೆಂಟನಿಗೆ ತಿಳಿಯದ ತುಳುವಿನಲ್ಲಿ, ಮೆಲ್ಲಗೆ, ಮಗನನ್ನು ಕೇಳಿದರು.

"ನಾನು ಮೀನು ಒಣಗಿಸುತ್ತಿದ್ದ ಅಂಗಳಕ್ಕೆ ನೀನು ಇಂಟರ್‌ಲಾಕ್ ಕಲ್ಲು ಹಾಕಿಸಿದ್ದು ಇದಕ್ಕಾ ಮಗಾ? ಅಮ್ಮ, ಇನ್ನು ಬಿಸಿಲಲ್ಲಿ ಮೀನು ಮಗುಚುವುದು ಬೇಡ, ಆರಾಮ ಮಾಡಿ ಅಂತ ನೀನೇ ಹೇಳಿದ್ದೆ. ನನ್ನ ಮಗನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂತ ನಾನು ಇಡೀ ಊರಿಗೆ ಹೇಳಿಕೊಂಡು ಬಂದೆ. ವಾಸನೆಗಾ?"

ಗಂಡ ಬ್ರೋಶರಿನ ಮೂಲೆಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಅಷ್ಟೂ ದಿನ ಎಲ್ಲರ ಮಾತಿನಲ್ಲೂ ಸುಳ್ಳು ಹುಡುಕಿದವಳು ನಾನು. ಆ ಹೊತ್ತಿನಲ್ಲಿ ಮಾತ್ರ, ಸುಳ್ಳಾದರೂ ಸರಿ, ಅಲ್ಲಮ್ಮ ಎಂದು ಇವರು ಒಂದು ಮಾತು ಹೇಳಿಬಿಡಲಿ ಎಂದು ಬೇಡಿಕೊಂಡೆ. ಅವರು ಹೇಳಲಿಲ್ಲ.